ಅಂಕನಹಳ್ಳಿ ಹಳ್ಳಕ್ಕೆ ಮರಳಿದ ಗೆಂಡೆಗಳು

11 ಅಕ್ಟೋಬರ್ 1999
ಕುಣಿಗಲ್

ಇವತ್ತೂ ಬೆಳಗ್ಗೆ ಎದ್ದವರೇ ಹಳ್ಳಕ್ಕೆ. ನೀರು ತೊಡೆಮಟ್ಟ. ಅಡ್ಡ ಕಟ್ಟಿದ ಬಿದಿರು ತಡಿಕೆಯ ಒಂದು ಮೂಲೆ ರಭಸಕ್ಕೆ ಕಿತ್ತು ಬಂದಿತ್ತು. ಮತ್ತೆ ಕಟ್ಟುವಷ್ಟರಲ್ಲಿ ಅಂಗೈ ತುಂಬ ಸಿಬಿರು. ತಡಿಕೆಗೆ ಹೊಂದಿಸಿದ ಟ್ರ್ಯಾಪಿನಲ್ಲಿ ಮೂವತ್ತೆಂಟು ಗೆಂಡೆ ಮೀನು. ಎಲ್ಲವೂ ಅಂಕನಹಳ್ಳಿ ಕೆರೆಯಿಂದ ಹಳ್ಳ ಹತ್ತಿ, ಮೇಲೆ ಹುಲ್ಲು ಮುಳುಗಿದ ನೀರಿನಲ್ಲಿ ಮೊಟ್ಟೆಯಿಡಲು ಹೊರಟವು. ಒಂದೊಂದನ್ನೇ ಎತ್ತಿ, ಅಳೆದು, ಹೊಟ್ಟೆಯ ಎಡಗಡೆಯ ರೆಕ್ಕೆಯ ತುದಿ ಚೂರು ಕತ್ತರಿಸಿ, ತಡಿಕೆಯ ಮೇಲ್ಗಡೆ ಬಿಟ್ಟೆವು.

ಈ ವರ್ಷ ಎಡ. ಮುಂದಿನ ವರ್ಷ ಬಲ. ಕತ್ತರಿಸಿದ ತುದಿ ವಾಸಿಯಾಗಿ ಮೊಂಡಾಗಿ ಉಳಿಯುತ್ತದೆ. ಮುಂದಿನ ಮಳೆಗೆ ಎಡ ರೆಕ್ಕೆ ಮೊಂಡಾದ ಮೀನು ಇದೇ ಹಳ್ಳಕ್ಕೆ ಬಂತೋ — ಕೆರೆಗೆ ಇನ್ನೊಂದು ಹಳ್ಳವಿದ್ದರೂ ಇದನ್ನೇ ಹುಡುಕಿಕೊಂಡು ಬಂತು ಎಂದರ್ಥ. ಇಷ್ಟೇ ನಮ್ಮ ಪ್ರಶ್ನೆ. ನನ್ನ ಪಿಎಚ್.ಡಿ.ಯೂ ಇದರ ಮೇಲೇ.

ನನ್ನ ಗೈಡ್ ಶಿವರುದ್ರಮ್ಮ ಮೇಡಂ ಇಪ್ಪತ್ತು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ಆರು ತಿಂಗಳು ಸಾಲ್ಮನ್ ಮೀನಿನ ಟ್ರೇನಿಂಗ್ ಮುಗಿಸಿ ಬಂದವರು. ಸಾಲ್ಮನ್ ಸಮುದ್ರಕ್ಕೆ ಹೋಗಿ, ಬೆಳೆದು, ತಾನು ಹುಟ್ಟಿದ ಹೊಳೆಗೇ ವಾಪಸ್ಸು ಬರುತ್ತದೆ.

"ಅಲ್ಲಿ ಒಂದೊಂದು ಮೀನು ಬಂದ್ರೂ ಬರ್ಕೋತಾರೆ ಕಣಮ್ಮ. ನಮ್ಮ ಗೆಂಡೆ ಎಲ್ಲಿಗೆ ಹೋಗುತ್ತೆ, ಎಲ್ಲಿಂದ ಬರುತ್ತೆ, ಇಲ್ಲಿ ಯಾರೂ ಕೇಳೇ ಇಲ್ಲ" ಅಂದರು, ಸೀರೆ ಮೊಣಕಾಲಿಗೆ ಕಟ್ಟಿ ನೀರಲ್ಲಿ ನಿಂತು.

ಮೇಡಂ ಮೀನು ತಿನ್ನುವವರಲ್ಲ. ಗುಬ್ಬಿಯ ಲಿಂಗಾಯತರ ಮನೆ. ಕುಣಿಗಲ್ಲಿನ ಬಾಡಿಗೆ ರೂಮಿನಲ್ಲಿ ಬೆಳಗ್ಗೆ ಒಂದು ಮೂಲೆಯಲ್ಲಿ ಅವರ ಲಿಂಗಪೂಜೆ, ಇನ್ನೊಂದು ಮೂಲೆಯಲ್ಲಿ ನನ್ನ ನಮಾಜ್. ಆಮೇಲೆ ದಿನವಿಡೀ ಇಬ್ಬರಿಗೂ ಮೀನಿನ ಕೆಲಸವೇ.

14 ಅಕ್ಟೋಬರ್ 1999

ಮೀನುಗಾರರ ಸೊಸೈಟಿಯ ಅಧ್ಯಕ್ಷ ಪುಟ್ಟರಂಗಯ್ಯ ಏರಿಯ ಮೇಲೆ ಬಂದು ಕೂತರು. ಹಿಂದೆ ನಾಲ್ಕೈದು ಜನ. ಯಾರ ಮುಖದಲ್ಲೂ ನಗುವಿಲ್ಲ.

"ಮೀನು ಹತ್ತೋ ಕಾಲದಾಗೇ ನಮಗೆ ಬುಟ್ಟಿ ತುಂಬೋದು. ಅದೇ ಬ್ಯಾಡ ಅಂತೀರಲ್ಲ ಮೇಡಮ್ಮೋರೆ."

"ಎರಡು ಮಳೆಗಾಲ ಬಿಟ್ಟುಕೊಡಿ ಪುಟ್ಟರಂಗಯ್ಯ. ಮೊಟ್ಟೆ ಇಡೋಕೆ ಹೋಗೋದನ್ನೇ ಹಿಡಿದ್ರೆ ನಾಳೆ ಕೆರೇಲಿ ಏನಿರುತ್ತೆ? ಇದೇ ಮೀನು ಇದೇ ಹಳ್ಳಕ್ಕೆ ವಾಪಸ್ ಬರುತ್ತೆ ಅಂತ ತೋರಿಸ್ತೀನಿ. ತೋರಿಸ್ದೇ ಹೋದ್ರೆ ನೀವು ಬಲೆ ಹಾಕಿ, ನಾನು ತುಟಿ ಬಿಚ್ಚಲ್ಲ."

ಪುಟ್ಟರಂಗಯ್ಯ ನೀರು ನೋಡುತ್ತಲೇ ಅಂದರು — "ನಿಮ್ಮ ಮಾತಿನ ಮ್ಯಾಲೆ ಬುಡ್ತಾ ಇವ್ನಿ. ಸರ್ಕಾರದ ಮಾತಿನ ಮ್ಯಾಲಲ್ಲ."

ಸಂಜೆ ಬಸ್ಸು ಇಳಿಯುವಾಗ ಮೇಡಂ ಅಂದರು — "ಆ ಮನುಷ್ಯನ ಮಾನ ಉಳಿಸಬೇಕು ಸಾದಿಯಾ."

28 ಸೆಪ್ಟೆಂಬರ್ 2000
ಕುಣಿಗಲ್

ಮತ್ತೆ ಅದೇ ರೂಮು. ಮಳೆ ಚೆನ್ನಾಗಿ ಹಿಡಿದಿದೆ. ನಾಳೆ ತಡಿಕೆ.

ರೂಮಿನ ಬೀಗದ ಕೈ ಇಡೀ ಬೆಳಗ್ಗೆ ಹುಡುಕಿದೆವು. ಅವಲಕ್ಕಿ ಡಬ್ಬಿಯೊಳಗೆ ಸಿಕ್ಕಿತು. "ಯಾರೇ ಇಲ್ಲಿಟ್ಟೋರು?" ಅಂತ ಮೇಡಂ ನನ್ನನ್ನೇ ಗದರಿದರು. ಇಬ್ಬರೂ ನಕ್ಕೆವು. ಪೂಜೆ ಮುಗಿಸಿ ಎದ್ದವರು, ಕಾಫಿ ಕುಡಿದು, ಮತ್ತೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತರು. "ಮೇಡಂ, ಆಗ್ಲೇ ಆಯ್ತಲ್ಲ?" ಎಂದೆ. "ಎರಡು ಸಲ ಮಾಡಿದ್ರೆ ಪುಣ್ಯ ಜಾಸ್ತಿ ಬಿಡು."

ಈ ಸಲ ನಗು ಪೂರ್ತಿ ಬರಲಿಲ್ಲ.

2 ಅಕ್ಟೋಬರ್ 2000

ತಮ್ಮ ಫೈಜಲ್‌ನ ಫೋನು, ಪಕ್ಕದ ಎಸ್.ಟಿ.ಡಿ. ಬೂತಿಗೆ. ಅಬ್ಬಾಗೆ ಅಂಗಡಿಯಲ್ಲಿ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರಂತೆ. ಈಗಲೇ ಹೊರಟೆ. ಇನ್ನೂ ಮೂರೇ ದಿನದ ಮೀನು ಆಗಿದೆ, ಮುಕ್ಕಾಲು ಕೆಲಸ ಮುಂದಿದೆ. ಮೇಡಂ ಬೆನ್ನು ತಟ್ಟಿದರು — "ತಂದೆಗಿಂತ ಮೀನು ದೊಡ್ಡದಾ? ನಾನು ಒಬ್ಬಳೇ ನೋಡ್ಕೋತೀನಿ. ಹೋಗು."

13 ಅಕ್ಟೋಬರ್ 2000
ಕುಣಿಗಲ್

ಅಬ್ಬಾ ಮನೆಗೆ ಬಂದರು. ಸಣ್ಣ ಅಟ್ಯಾಕ್. ಸೈಕಲ್ ಅಂಗಡಿ ಇನ್ನು ಫೈಜಲ್‌ನದು. ತುಮಕೂರಿನ ಗುಬ್ಬಿ ಗೇಟಿನಲ್ಲಿ ಬಸ್ಸು ಹತ್ತುವಾಗ ಅಮ್ಮಿ ಕೇಳಿದಳು — ಆ ಮೀನುಗಳಿಗೆ ನೀನಿಲ್ಲದೆ ಆಗೋದೇ ಇಲ್ವಾ?

ಹಳ್ಳದ ಹತ್ತಿರ ಇಳಿದರೆ ಮೇಡಂ ದೂರದಿಂದಲೇ ಕೈ ಬೀಸುತ್ತಿದ್ದಾರೆ. ಮಗುವಿನಂತೆ.

"ಬಂದಿವೆ ಕಣೇ! ಎಡ ರೆಕ್ಕೆದು! ಇನ್ನೂರ ಹನ್ನೆರಡು! ಹತ್ತರಲ್ಲಿ ನಾಕು ಹೋದ ವರ್ಷದ್ದು!"

ತಬ್ಬಿಕೊಂಡರು. ಮೈಯೆಲ್ಲ ಮೀನಿನ ವಾಸನೆ. ನನಗೂ ಅಳು ಬಂತು. ಪುಟ್ಟರಂಗಯ್ಯ ಏರಿಯ ಮೇಲಿದ್ದರು. "ನಿಮ್ಮ ಮೇಡಮ್ಮೋರು ಗೆದ್ರು ಬುಡಮ್ಮ" ಅಂದರು. ಸೊಸೈಟಿಯಲ್ಲಿ ಎಲ್ಲರಿಗೂ ಹೇಳಿಯಾಗಿದೆಯಂತೆ. ಮುಂದಿನ ವರ್ಷ ಇನ್ನೊಂದು ಹಳ್ಳದಲ್ಲೂ ಬಲೆ ನಿಲ್ಲಿಸುತ್ತಾರಂತೆ. ಮೇಡಂ ನಮ್ಮ ಮೀನುಗಾರಿಕೆ ಆಫೀಸಿಗೂ ಫೋನು ಮಾಡಿದ್ದಾರೆ. ಸಾಹೇಬರು ಖುಷಿಯಾಗಿ, ಬೇರೆ ಆರು ಕೆರೆಗೂ ಇದೇ ನಿಯಮ ತರೋಣ ಎಂದರಂತೆ.

ನನ್ನ ಜೀವನದಲ್ಲಿ ಇಷ್ಟು ಒಳ್ಳೆಯ ದಿನ ಬಂದಿಲ್ಲ.

15 ಅಕ್ಟೋಬರ್ 2000

ಬರೆಯಬೇಕೋ ಬೇಡವೋ.

ಇವತ್ತು ಟ್ರ್ಯಾಪಿಗೆ ನಾನು ಇಳಿದೆ. ಎಡ ರೆಕ್ಕೆ ಕತ್ತರಿಸಿದ್ದು ಇಪ್ಪತ್ತಾರು ಬಂದವು. ಮೊದಲನೆಯದನ್ನು ಕೈಗೆತ್ತಿಕೊಂಡೆ. ಅಂಚು ಕೆಂಪಗಿತ್ತು. ಎರಡನೆಯದೂ. ಗಾಯ ಇನ್ನೂ ಹಸಿ. ಹೋದ ವರ್ಷದ ಗಾಯ ಹೀಗಿರುವುದಿಲ್ಲ. ವಾಸಿಯಾಗಿ ಬೆಳ್ಳಗೆ ಮೊಂಡಾಗಿರಬೇಕು. ಅಂಥವು ಐದೇ ಇದ್ದವು. ಉಳಿದವೆಲ್ಲ ಈ ವಾರದ ಕತ್ತರಿ.

ಈ ವರ್ಷ ಬಲ ಕತ್ತರಿಸಬೇಕಿತ್ತು. ನಾನಿದ್ದ ಮೂರು ದಿನ ಬಲವನ್ನೇ ಕತ್ತರಿಸಿದ್ದೆವು.

16 ಅಕ್ಟೋಬರ್ 2000

ದೂರ ನಿಂತು ನೋಡಿದೆ. ಮೇಡಂ ಮೀನೊಂದನ್ನು ಅಳೆದರು. ಎಡ ರೆಕ್ಕೆ ಕತ್ತರಿಸಿದರು. ಎರಡೂ ಕೈಯಲ್ಲಿ, ಎಂದಿನಂತೆ ಅಷ್ಟೇ ಮೃದುವಾಗಿ ಹಿಡಿದು, ತಡಿಕೆಯ ಕೆಳಗಡೆ ಬಿಟ್ಟರು. ಕೆಳಗಡೆ. ಮತ್ತೊಂದು — ಕೆಳಗೆ. ಮತ್ತೊಂದು ಮೇಲೆ. ಆಮೇಲೆ ಕೆಳಗೆ.

ಕೆಳಗೆ ಬಿಟ್ಟ ಮೀನು ಏನು ಮಾಡುತ್ತದೆ? ಮತ್ತೆ ಹತ್ತುತ್ತದೆ. ಮತ್ತೆ ಟ್ರ್ಯಾಪಿಗೆ ಬೀಳುತ್ತದೆ. ಎಡ ರೆಕ್ಕೆ ಇಲ್ಲ — ಹೋದ ವರ್ಷದ್ದು, ವಾಪಸ್ಸು ಬಂತು!

ಇನ್ನೂರ ಹನ್ನೆರಡು.

ಹತ್ತಿರ ಹೋಗಿ, ಈ ವರ್ಷ ಬಲ ಅಲ್ವಾ ಮೇಡಂ ಎಂದು ಮೆಲ್ಲಗೆ ಕೇಳಿದೆ. ಕತ್ತರಿ ಹಿಡಿದ ಕೈ ನಿಂತಿತು.

"ನನಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ವೇನೆ? ನೀನು ಹುಟ್ಟೋಕೆ ಮುಂಚೆಯಿಂದ ಮೀನು ಹಿಡೀತಿದೀನಿ ನಾನು!"

ಎಂದೂ ನನ್ನ ಮೇಲೆ ದನಿ ಎತ್ತಿದವರಲ್ಲ. ರೂಮಿಗೆ ಬಂದೆವು. ಊಟಕ್ಕೆ ಕರೆಯುವಾಗ "ವಿಮಲಾ" ಅಂದರು. ವಿಮಲಾ ಅವರ ಮೊದಲ ಸ್ಟೂಡೆಂಟ್. ದಾವಣಗೆರೆಯಲ್ಲಿದ್ದಾಳೆ ಈಗ.

18 ಅಕ್ಟೋಬರ್ 2000

ಇವತ್ತು ಮೇಡಂ ಬೆಳಗಿನಿಂದ ಮೇಡಂ ಥರವೇ ಇದ್ದರು. ಬಸ್ಸಿನಲ್ಲಿ ನನ್ನ ಥೀಸಿಸ್ಸಿನ ಮೊದಲ ಅಧ್ಯಾಯ ಬಾಯಿಂದಲೇ ತಿದ್ದಿದರು. ಹೇಳುವುದಿದ್ದರೆ ಇವತ್ತೇ ಅನ್ನಿಸಿತು.

ಟ್ರ್ಯಾಪಿನಿಂದ ಒಂದು ಮೀನು ತೆಗೆದು ಅವರ ಅಂಗೈಗೇ ಇಟ್ಟೆ. ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ರೆಕ್ಕೆಯ ಅಂಚು ಸವರಿದರು. ಇನ್ನೊಂದು ಕೊಡು ಅಂದರು. ಇನ್ನೊಂದು. ಆರೇಳು ಆಯಿತು. ಕೊನೆಯದನ್ನು ಮೇಲ್ಗಡೆ ಬಿಟ್ಟು, ಹಳ್ಳದ ದಂಡೆಯ ಕಲ್ಲಿನ ಮೇಲೆ ಕೂತರು.

"ಇದು ನಾನೇ ಮಾಡಿದ್ದಾ?"

"ಹ್ಞೂಂ ಮೇಡಂ."

"ನಿಜವಾಗಿ ಬಂದಿರೋದು ಎಷ್ಟು?"

"ನಾನು ನೋಡಿದ್ರಲ್ಲಿ ಐದು. ಮುಂಚಿನದು... ಈಗ ಹೇಳೋಕಾಗಲ್ಲ."

ಕಾಲು ನೀರಿನಲ್ಲೇ ಇತ್ತು.

"ಎಲ್ಲ ತೆಗೆದು ಹಾಕಬೇಕು. ಒಂದೂ ಇಟ್ಕೋಬಾರದು. ಯಾವುದು ನಿಜ ಯಾವುದು ಸುಳ್ಳು ಅಂತ ಬೇರೆ ಮಾಡೋಕಾಗದೇ ಇದ್ದ ಮೇಲೆ ಎಲ್ಲ ಸುಳ್ಳೇ. ನಾಳೆ ಆಫೀಸಿಗೆ ಹೋಗಿ ನಾನೇ ಹೇಳ್ತೀನಿ. ಪುಟ್ಟರಂಗಯ್ಯನಿಗೂ ನಾನೇ ಹೇಳ್ತೀನಿ." ಆಮೇಲೆ ನನ್ನ ಕಡೆ ತಿರುಗಿ — "ನಿನ್ನ ಎರಡು ವರ್ಷ ಹಾಳು ಮಾಡಿದೆ ಕಣಮ್ಮ."

ಇಲ್ಲ ಅಂತ ಹೇಳಬೇಕಿತ್ತು.

19 ಅಕ್ಟೋಬರ್ 2000

ಪೂಜೆ ಮುಗಿಸಿ, ಒಳ್ಳೆಯ ಸೀರೆ ಉಟ್ಟುಕೊಂಡು ನಿಂತಿದ್ದರು. ಆಫೀಸಿಗೆ ಹೊರಡೋಣವಾ ಎಂದೆ.

"ಆಫೀಸಿಗ್ಯಾಕೆ? ಹಳ್ಳಕ್ಕೆ ಹೋಗೋಣ. ಇನ್ನೂರ ಹನ್ನೆರಡು ಆಯ್ತು, ಮುನ್ನೂರು ಮುಟ್ಟಿಸಬೇಕು. ಸಾಹೇಬರಿಗೆ ಹೇಳಿದೀನಿ."

ಮುಖದಲ್ಲಿ ನಿನ್ನೆಯ ಒಂದು ಗೆರೆಯೂ ಇಲ್ಲ. ತೊಳೆದ ಹಾಗೆ.

ಮತ್ತೆ ಹೇಳಿದೆ. ಎಲ್ಲ, ಮೊದಲಿನಿಂದ. ಹಾಸಿಗೆಯ ಮೇಲೆ ಕೂತು ಕೇಳಿದರು. ಇದನ್ನು ನಿನ್ನೆಯೇ ಹೇಳಿದ್ದೆ, ನೀವು ಹಳ್ಳದ ದಂಡೆಯಲ್ಲಿ ಕೂತು ಒಪ್ಪಿಕೊಂಡಿರಿ ಎಂದಾಗ ಮುಖ ಬದಲಾಯಿತು. ಮೀನಿನ ಮಾತು ಅಲ್ಲಿಗೇ ಬಿಟ್ಟರು.

"ನಿನ್ನೆ ಹೇಳಿದ್ಯಾ? ನಿನ್ನೆ? ನಾನು ಹಳ್ಳದ ಹತ್ರ ಕೂತಿದ್ನಾ?"

ನನ್ನ ಕೈ ಹಿಡಿದುಕೊಂಡರು. ಉಗುರು ಊರುವಷ್ಟು.

"ಯಾವಾಗಿಂದ ಹೀಗೆ ಸಾದಿಯಾ? ಇವರಿಗೆ ಗೊತ್ತಾ? ನಮ್ಮ ಯಜಮಾನ್ರಿಗೆ?"

ಹಳ್ಳಕ್ಕೆ ಹೋಗಲಿಲ್ಲ. ಇಡೀ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಳೆ ಸುರಿಯುತ್ತಿತ್ತು. ಟ್ರ್ಯಾಪು ತೆರೆದಿಟ್ಟು ಬರಲು ನಾನೊಬ್ಬಳೇ ಹೋಗಿ ಬಂದೆ. ಮೀನು ತಮ್ಮ ಪಾಡಿಗೆ ಹತ್ತಲಿ.

20 ಅಕ್ಟೋಬರ್ 2000

ಬೆಳಗ್ಗೆ ಎದ್ದು ಹಾಡು ಗುನುಗುತ್ತಿದ್ದರು. "ಏಳೇ ಸೋಮಾರಿ. ಬಂದಿರೋ ಮೀನೆಲ್ಲ ನಿನಗೆ ಕಾಯುತ್ತಾ?"

ಹೇಳಲಿಲ್ಲ. ಮೂರನೇ ಸಲ ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ಒಂದೇ ಸಾವಿನ ಸುದ್ದಿಯನ್ನು ಅದೇ ತಾಯಿಗೆ ದಿನಾ ಮುಟ್ಟಿಸಿದ ಹಾಗೆ.

ಮಳೆ ಜೋರು, ತಡಿಕೆ ಕಿತ್ತುಹೋಗಿದೆ ಎಂದು ಸುಳ್ಳು ಹೇಳಿ ಗುಬ್ಬಿಗೆ ಕರೆದುಕೊಂಡು ಬಂದು ಮನೆ ಮುಟ್ಟಿಸಿದೆ.

5 ನವೆಂಬರ್ 2000
ಗುಬ್ಬಿ, ತುಮಕೂರು

ಮೇಡಂ ಮನೆಗೆ ಹೋಗಿದ್ದೆ. ಅವರ ಯಜಮಾನರು ಮಹಾದೇವಯ್ಯ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ರಿಟೈರ್ ಆದವರು. ಮೇಡಂ ಒಳಗೆ ಮಲಗಿದ್ದರು. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಆಶ್ಚರ್ಯಪಡಲಿಲ್ಲ.

"ಯುಗಾದಿ ಟೈಮಲ್ಲೇ ಗೊತ್ತಾಯ್ತಮ್ಮ. ಒಬ್ಬಟ್ಟಿಗೆ ಉಪ್ಪು ಹಾಕಿದ್ಲು. ಗ್ಯಾಸ್ ಹಾಗೇ ಬಿಟ್ಟು ಮಲಗಿದ್ಲು. ಬೆಂಗಳೂರಲ್ಲಿ ತೋರಿಸ್ದೆ. ಡಾಕ್ಟ್ರು ಮರೆವಿನ ಕಾಯಿಲೆ ಅಂತ ಹೆಸರು ಹೇಳಿದ್ರು, ಔಷಧಿ ಹೇಳ್ಲಿಲ್ಲ. ಹಳ್ಳಕ್ಕೆ ಹೋದ್ರೆ ಮಾತ್ರ ಸರಿ ಇರ್ತಾಳೆ ಅಂದ್ಕೊಂಡಿದ್ದೆ. ಅಲ್ಲಿ ಅವಳಿಗೆ ಎಲ್ಲ ಬೆರಳ ತುದೀಲಿ."

ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಮೇ ತಿಂಗಳಲ್ಲಿ ರಿಟೈರ್‌ಮೆಂಟ್. ಅಲ್ಲೀವರೆಗೂ ಬಿಡೋಕಾಗಲ್ವಾ? ಒಂದು ಹೆಸರು ಇಟ್ಕೊಂಡು ಹೋಗ್ಲಿ. ಅವಳ ತಲೇಲಿ ಇನ್ನು ಉಳಿಯೋದು ಅಷ್ಟೇ."

"ಅವರೇ ತೆಗೆದು ಹಾಕು ಅಂದ್ರು ಸರ್. ಸರಿ ಇದ್ದಾಗ, ಬಾಯಿ ಬಿಟ್ಟು ಹೇಳಿದ್ರು. ಮತ್ತೆ, ಈ ಮಾತಿನ ಮೇಲೆ ಆರು ಕೆರೆಯವರ ಬಲೆ ನಿಲ್ಲಿಸ್ತಾರೆ."

ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ಹಂಗಾದ್ರೆ ಹೇಳು. ಅವಳ ಮಾತು ಮೀರಿ ನಾನೂ ಏನೂ ಮಾಡಿಲ್ಲ ಇಲ್ಲೀತನಕ. ಆದ್ರೆ ಅವಳಿಗೆ ಮಾತ್ರ ಮತ್ತೆ ಹೇಳ್ಬೇಡ."

11 ಡಿಸೆಂಬರ್ 2000

ಸಾಹೇಬರಿಗೆ ಹೇಳಿದೆ. ಇಷ್ಟು ದಿನ ತೆಗೆದುಕೊಂಡೆ. ರಂಜಾನಿನ ರೋಜಾ ಇದ್ದೆ, ಬಾಯಿ ಒಣಗಿತ್ತು.

ಬೈಯಲಿಲ್ಲ. ನೀನ್ಯಾಕಮ್ಮ ಇದನ್ನ ನೋಡೋಕೆ ಹೋದೆ ಎನ್ನುವ ಹಾಗೆ ನೋಡಿದರು. ಆರು ಕೆರೆಯ ಪ್ರಸ್ತಾಪ ವಾಪಸ್ಸು. ಪ್ರಾಜೆಕ್ಟ್ ಮಾರ್ಚಿಗೆ ಬಂದ್. ಮೇಡಂಗೆ ರಿಟೈರ್‌ಮೆಂಟಿನವರೆಗೆ ರಜೆ.

ಪಿಎಚ್.ಡಿ. ಇನ್ನು ಬೇರೆ ವಿಷಯಕ್ಕೆ. ಅಮ್ಮಿಗೆ ಹೇಳಿಲ್ಲ.

17 ಜನವರಿ 2001
ಅಂಕನಹಳ್ಳಿ

ಸೊಸೈಟಿಯ ಶೆಡ್ಡು. ಇಪ್ಪತ್ತು ಜನ ನೆಲದ ಮೇಲೆ, ನನಗೊಂದು ಕುರ್ಚಿ. ಕುರ್ಚಿ ಬೇಡ ಎಂದು ನಿಂತೇ ಹೇಳಿದೆ. ಮೇಡಂ ಕಾಯಿಲೆಯ ವಿಷಯ ಹೇಳುವುದಿಲ್ಲ ಎಂದುಕೊಂಡು ಹೋಗಿದ್ದೆ. ಹೇಳದೆ ವಿವರಿಸಲು ಆಗಲಿಲ್ಲ.

ಒಬ್ಬ ಎದ್ದು ಕೂಗಿದ — "ಎರಡು ವರ್ಸ ನಮ್ಮ ಹೊಟ್ಟೆ ಮ್ಯಾಲೆ ಹೊಡೆದು ಈಗ ತಪ್ಪಾಯ್ತು ಅಂತೀರಾ?"

ಪುಟ್ಟರಂಗಯ್ಯ ಅವನನ್ನು ಕೂರಿಸಿದರು. ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ನಾ ಇವ್ರೆಲ್ಲರ ಕಾಲಿಡ್ದು ಒಪ್ಪಿಸಿದ್ದೆ ಕಣಮ್ಮ. ಮೇಡಮ್ಮೋರ ಮಾತು ಸುಳ್ಳಾಗಾಕಿಲ್ಲ ಅಂದಿದ್ದೆ."

"ಮೀನು ಹತ್ತುವಾಗ ಹಿಡೀಬಾರ್ದು ಅನ್ನೋದು ಇವತ್ತಿಗೂ ನಿಜ ಪುಟ್ಟರಂಗಯ್ಯೋರೆ. ಅದೇ ಹಳ್ಳಕ್ಕೇ ವಾಪಸ್ ಬರುತ್ತೆ ಅನ್ನೋದು ಮಾತ್ರ..."

"ಅದೆಂಗಮ್ಮ ಅರ್ಧ ನಿಜ, ಅರ್ಧ ಸುಳ್ಳು? ಓಗು ನೀನು. ಬಸ್ ಬತ್ತದೆ."

(ಮಾರ್ಚಿನಲ್ಲಿ ಸೇರಿಸಿದ್ದು: ಆ ವಾರದಿಂದಲೇ ಹಳ್ಳದ ಮಡುಗಳಲ್ಲಿ ಬಲೆ ಬಿತ್ತಂತೆ.)

31 ಮೇ 2001

ಮೇಡಂಗೆ ಬೀಳ್ಕೊಡುಗೆ. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಹಸಿರು ರೇಷ್ಮೆ ಸೀರೆ. ಮಹಾದೇವಯ್ಯನವರು ಪಕ್ಕದಲ್ಲಿ, ಮೈಯೆಲ್ಲ ಕಿವಿಯಾಗಿ.

ಎರಡು ಮಾತು ಹೇಳಿ ಎಂದರು. ಮಹಾದೇವಯ್ಯ ಬೇಡ ಎನ್ನುವಷ್ಟರಲ್ಲಿ ಮೈಕು ಕೈಗೆ ಬಂದಿತ್ತು. ಚೆನ್ನಾಗಿ ಮಾತಾಡಿದರು. ಸ್ಕಾಟ್ಲೆಂಡು, ಚಳಿ, ಸಾಲ್ಮನ್. ಒಂದು ಹೆಸರೂ ತಪ್ಪಲಿಲ್ಲ.

"ನಮ್ಮ ಗೆಂಡೆಯೂ ವಾಪಸ್ ಬರುತ್ತೆ. ಯಾರೂ ನಂಬಿರಲಿಲ್ಲ. ಅಂಕನಹಳ್ಳಿ ಹಳ್ಳದಲ್ಲಿ ಇನ್ನೂರ ಹನ್ನೆರಡು ವಾಪಸ್ ಬಂದವು. ಸಾದಿಯಾ ನೋಡಿದಾಳೆ, ಕೇಳಿ."

ಸಭೆಯಲ್ಲಿ ಎಲ್ಲರಿಗೂ ನಿಜ ಗೊತ್ತು. ಕೆಲವರು ನೆಲ ನೋಡಿದರು. ಆಮೇಲೆ ಸಾಹೇಬರು ಚಪ್ಪಾಳೆ ಶುರು ಮಾಡಿದರು. ಎಲ್ಲರೂ ತಟ್ಟಿದರು.

ನಾನೂ ತಟ್ಟಿದೆ. ಮೇಡಂ ನನ್ನನ್ನೇ ನೋಡಿ ನಗುತ್ತಿದ್ದರು.

9 ನವೆಂಬರ್ 2002

ಈ ವರ್ಷವೂ ಮಳೆಯಿಲ್ಲ. ಯಡಿಯೂರಿಗೆ ಟ್ರೇನಿಂಗ್ ಕ್ಯಾಂಪಿಗೆ ಹೋಗುವಾಗ ಬಸ್ಸಿನಿಂದ ಅಂಕನಹಳ್ಳಿ ಕೆರೆ ಕಂಡಿತು. ಅಂಗಳ ಬಿರಿದು ಹಪ್ಪಳ. ನಡುವೆ ಸ್ಟಂಪು ನೆಟ್ಟು ಕ್ರಿಕೆಟ್ ಆಡುತ್ತಿದ್ದರು.

ಕೆಲಸ ಈಗ ಮೀನುಮರಿ ಕೇಂದ್ರದಲ್ಲಿ. ಕಟ್ಲಾ ಮರಿಗಳಿಗೆ ಎಷ್ಟು ಹಿಂಡಿ, ಎಷ್ಟು ತೌಡು. ಸಿಮೆಂಟು ತೊಟ್ಟಿ. ಎಲ್ಲಿಗೂ ಹೋಗಲಾರದ ಮೀನು.

22 ಆಗಸ್ಟ್ 2003
ಗುಬ್ಬಿ

ಬಹಳ ದಿನದ ಮೇಲೆ ಹೋದೆ. ಮೇಡಂ ಕಿಟಕಿಯ ಪಕ್ಕ. ಕೂದಲು ಪೂರ್ತಿ ಬೆಳ್ಳಗೆ, ಯಾರೋ ಜಡೆ ಚೆನ್ನಾಗಿ ಹೆಣೆದಿದ್ದರು. ಮಹಾದೇವಯ್ಯನವರೇ ಅಂತೆ. ಕಲಿತರಂತೆ.

ನನ್ನ ಗುರುತು ಸಿಗಲಿಲ್ಲ. ನಗು ಮಾತ್ರ ಮರ್ಯಾದೆಯ ನಗು, ಹೊಸಬರಿಗೆ ನಗುವ ಹಾಗೆ. ಕಾಫಿ ಕುಡಿಯುತ್ತಿದ್ದೆ. ಇದ್ದಕ್ಕಿದ್ದಂತೆ ಗಂಡನ ಕಡೆ ತಿರುಗಿ ಕೇಳಿದರು —

"ಎಷ್ಟು ಬಂದ್ವು?"

"ಮುನ್ನೂರ ನಲವತ್ತು" ಅಂದರು ಅವರು, ಪೇಪರಿನಿಂದ ತಲೆಯೆತ್ತದೆ.

"ಹೌದಾ!" ಮುಖ ಅರಳಿತು. ಕೈಯನ್ನು ಎದೆಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ — "ಎಷ್ಟು ಬಂದ್ವು?"

"ಮುನ್ನೂರ ಐವತ್ತು. ಇನ್ನೂ ಬರ್ತಾ ಇವೆ."

ಗೇಟಿನವರೆಗೆ ಬಂದರು ಮಹಾದೇವಯ್ಯ.

"ಮೂವತ್ತು ವರ್ಷ ಲೆಕ್ಕ ತಪ್ಪಿದ ಹುಡುಗ್ರಿಗೆ ಬೆತ್ತ ಹಿಡಿದೋನು ನಾನು. ಈಗ ದಿನಾ ಬಾಯಿಗೆ ಬಂದ ಸಂಖ್ಯೆ ಹೇಳ್ತೀನಿ. ಮೀನು ಅಂತ ಅವಳಿಗೆ ನೆನಪಿದ್ಯೋ ಇಲ್ವೋ, ಅದೂ ಗೊತ್ತಿಲ್ಲ. ಬಂದ್ವು ಅಂದ್ರೆ ಸಾಕು."

ನಾನು ಎರಡು ಸಲ ನಿಜ ಹೇಳಿದವಳು. ಆ ಎರಡು ದಿನದ ಅವರ ಮುಖ ಇಡೀ ದಾರಿ ಕಣ್ಣ ಮುಂದೆ. ಅವರಿಗೆ ಅದು ನೆನಪಿಲ್ಲ. ಹೊತ್ತುಕೊಂಡಿರುವವಳು ನಾನೊಬ್ಬಳೇ.

21 ಅಕ್ಟೋಬರ್ 2005
ಕುಣಿಗಲ್

ಐದು ವರ್ಷದ ಮೇಲೆ ಹಳ್ಳ ಹರಿಯುತ್ತಿದೆ. ಮಳೆ ಬಿಟ್ಟೂ ಬಿಡದೆ. ಮೂರು ದಿನ ರಜೆ ಹಾಕಿ ಬಂದೆ. ಈಗ ಪ್ರಾಜೆಕ್ಟಿಲ್ಲ. ರೋಜಾ ಬೇರೆ. ಅಮ್ಮಿ ಬೈದಳು, ಆಮೇಲೆ ಖರ್ಜೂರದ ಪೊಟ್ಟಣ ಬ್ಯಾಗಿಗೆ ಹಾಕಿದಳು.

ಹಳ್ಳದುದ್ದಕ್ಕೂ ಬಲೆ. ಸೊಳ್ಳೆಪರದೆ, ಗೋಣಿಚೀಲ, ಹಳೇ ಸೀರೆ, ಕೈಗೆ ಸಿಕ್ಕಿದ್ದೆಲ್ಲ. ಮೂರು ವರ್ಷ ಒಣಗಿದ ಕೆರೆಯಲ್ಲಿ ಗೆಂಡೆ ಎಲ್ಲಿ ಉಳಿದಿದ್ದವೋ, ಯಾವ ಗುಂಡಿಯಲ್ಲೋ. ಬಂದಿವೆ. ಸ್ವಲ್ಪವೇ, ಆದರೆ ಬಂದಿವೆ. ಬುಟ್ಟಿಗಳಲ್ಲಿ ಹೊಟ್ಟೆ ತುಂಬ ಮೊಟ್ಟೆಯ ಹೆಣ್ಣುಗಳು. ಒತ್ತಿದರೆ ಸಾಕು, ಸಣ್ಣ ಸಾಬಕ್ಕಿಯ ಹಾಗೆ ಉದುರುತ್ತವೆ.

ಪುಟ್ಟರಂಗಯ್ಯ ಮುದುಕರಾಗಿದ್ದಾರೆ. ಗುರುತು ಹಿಡಿದರು. ನಾನು ಕೇಳಿಯೇಬಿಟ್ಟೆ — ಒಂದು ವಾರ ಹಳ್ಳ ಬಿಟ್ಟುಕೊಡ್ತೀರಾ?

"ಯಾವ ಬಾಯಾಗೆ ಕೇಳ್ತೀಯಮ್ಮ?"

ಬುಟ್ಟಿಗೆ ಮೀನು ಹಾಕುತ್ತಲೇ ಮುಂದುವರಿಸಿದರು.

"ಮೂರು ವರ್ಸ ಕೆರೆಯಾಗೆ ನೀರಿರ್ನಿಲ್ಲ. ಹುಡುಗ್ರು ಪೀಣ್ಯಕ್ಕೆ ಕೂಲಿಗೋದ್ರು. ಈಗ ನಾಕು ದಿನ ಮೀನು ಸಿಕ್ಕೈತೆ. ನಾ ಬ್ಯಾಡ ಅಂದ್ರೂ ಅವ್ರು ಕೇಳಲ್ಲ. ನಾ ಅನ್ನಾದೂ ಇಲ್ಲ."

ಬುಟ್ಟಿಯ ಮೀನನ್ನಾದರೂ ಅಳೆಯಬಹುದಾ ಎಂದೆ. ಅಳ್ಕೋ ಎಂದರು. ಕತ್ತಲಾಗುವವರೆಗೆ ಸತ್ತ ಮೀನು ಅಳೆದೆ.

23 ಅಕ್ಟೋಬರ್ 2005

ಮೊಬೈಲಿಗೆ ಮಹಾದೇವಯ್ಯನವರ ಫೋನು. ನಾನು ಹಳ್ಳದ ದಂಡೆಯಲ್ಲಿದ್ದೆ.

"ಹೋದಳಮ್ಮ. ಬೆಳಗ್ಗೆ ಗಂಜಿ ಕುಡಿಸ್ತಿದ್ದೆ. ಎರಡನೇ ಚಮಚಕ್ಕೆ ಬಾಯಿ ತೆಗೀಲಿಲ್ಲ."

ಏನು ಹೇಳಿದೆನೋ. ಪುಟ್ಟರಂಗಯ್ಯ ದೂರದಲ್ಲಿ ಬಲೆ ಎಳೆಯುತ್ತಿದ್ದವರು ನನ್ನ ಮುಖ ನೋಡಿ ಹತ್ತಿರ ಬಂದರು. "ದೊಡ್ಡ ಮೇಡಮ್ಮೋರಾ?" ಅಂದರು. ತಲೆಯಾಡಿಸಿದೆ. ಬಲೆಯ ಹಗ್ಗ ಕೈಯಲ್ಲೇ ಇತ್ತು ಅವರದು.

24 ಅಕ್ಟೋಬರ್ 2005
ಗುಬ್ಬಿ

ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೈಯಲ್ಲಿ ಲಿಂಗ. ಜಡೆಯನ್ನು ಕೊನೆಯ ಸಲವೂ ಮಹಾದೇವಯ್ಯನವರೇ ಹಾಕಿದರಂತೆ. ನಾನು ಹೆಂಗಸರ ಹಿಂದೆ, ದುಪಟ್ಟಾ ತಲೆಗೆ ಹೊದ್ದು ನಿಂತಿದ್ದೆ. ಮಹಾದೇವಯ್ಯ ಕಣ್ಣಿನಲ್ಲೇ ಹುಡುಕಿ ಕರೆದರು.

"ಬಾರಮ್ಮ. ನೀನೂ ಒಂದು ಪತ್ರೆ ಹಾಕು. ಮಗಳಿಲ್ಲ ನಮಗೆ."

ಹಾಕಿದೆ. ಪಾದ ಮುಟ್ಟಿದೆ. ಹಿಮ್ಮಡಿಯಲ್ಲಿ ಹಳೆಯ ಬಿರುಕುಗಳು ಹಾಗೇ ಇದ್ದವು, ವರ್ಷಗಟ್ಟಲೆ ನೀರಿನಲ್ಲಿ ನಿಂತ ಪಾದ.

ಮಣ್ಣು ಮುಚ್ಚುವಾಗ ನೋಡಿದರೆ ಬೇಲಿಯ ಆಚೆ ಪುಟ್ಟರಂಗಯ್ಯ. ಅಂಕನಹಳ್ಳಿಯ ಇನ್ನಿಬ್ಬರ ಜೊತೆ, ಚಪ್ಪಲಿ ಕೈಯಲ್ಲಿ ಹಿಡಿದು. ಎರಡು ಬಸ್ಸು ಬದಲಿಸಿ ಬಂದಿದ್ದಾರೆ. ಒಳಗೆ ಬರಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು, ಬೇರೆ ಕಡೆ ನೋಡುತ್ತ ಅಂದರು —

"ನಾಳೆ ಬಲೆ ಹಾಕಾಕಿಲ್ಲ. ಹುಡುಗ್ರಿಗೆ ಹೇಳಿವ್ನಿ. ಒಂದಿನ ಅಷ್ಟೇಯ. ನಾಡಿದ್ದು ಹಾಕ್ತೀವಿ. ನಿಂಗೇನಾರ ಮಾಡ್ಕೊಳಾದಿದ್ರೆ ಮಾಡ್ಕೊ."

25 ಅಕ್ಟೋಬರ್ 2005
ಅಂಕನಹಳ್ಳಿ

ಹಳ್ಳದಲ್ಲಿ ಒಬ್ಬರೂ ಇಲ್ಲ. ಬಲೆಗಳನ್ನೆಲ್ಲ ಎತ್ತಿ ದಂಡೆಯ ಜಾಲಿಮರಕ್ಕೆ ನೇತುಹಾಕಿದ್ದಾರೆ. ಬೆಳಗ್ಗೆಯೇ ತಡಿಕೆ ಕಟ್ಟಲು ಇಳಿದೆ. ಒಬ್ಬಳೇ ಕಟ್ಟಲು ಮಧ್ಯಾಹ್ನದ ತನಕ ಹಿಡಿಯಿತು. ಒಂದು ದಿನದ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ. ಇದನ್ನು ನನಗೆ ಕಲಿಸಿದವರೇ ಮೇಡಂ.

ಆದರೂ ಅಳೆದೆ. ಸಂಜೆಗೆ ನಲವತ್ತನಾಲ್ಕು. ಎಲ್ಲವನ್ನೂ ಮೇಲ್ಗಡೆ ಬಿಟ್ಟೆ. ಪ್ರತಿ ಸಲ ಬಿಡುವ ಮೊದಲು ನಿಂತು, ನೀರು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿಕೊಂಡೆ.

ರೋಜಾ ಬಿಡುವ ಹೊತ್ತಾಯಿತು. ಮೂರು ಖರ್ಜೂರ, ಬಾಟಲಿ ನೀರು. ದಂಡೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮೇಲ್ಗಡೆ ಹುಲ್ಲಿನಲ್ಲಿ ಸದ್ದು ಕೇಳುತ್ತಿದೆ, ನೀರಿಗೆ ಬಾಲ ಬಡಿಯುವ ಸದ್ದು. ಮೊಟ್ಟೆಯಿಡುತ್ತಿವೆ. ಈ ರಾತ್ರಿ ಅವುಗಳದು.

ಆಮೇಲೆ ಕೆರೆಗೆ ಇಳಿಯಲೇಬೇಕು. ಇಳಿಯಲು ದಾರಿ ಇದೊಂದೇ. ನಾಳೆ ಬೆಳಗ್ಗೆ ಇಲ್ಲಿ ಬಲೆ ಇರುತ್ತದೆ. ನಾನೇ ಕೈಯಾರೆ ಮೇಲೆ ಬಿಟ್ಟ ನಲವತ್ತನಾಲ್ಕೂ —

ಏರಿಯ ಮೇಲೆ ಯಾರೋ ಬರುತ್ತಿದ್ದಾರೆ. ಪುಟ್ಟರಂಗಯ್ಯನ ನಡಿಗೆ. ಇನ್ನೊಂದು ದಿನ ಕೇಳಿ ನೋಡಲಾ... ಒಂದೇ ದಿನ. ಯಾವ ಬಾಯಿಯಲ್ಲಾದರೂ ಸರಿ, ಕೇಳುತ್ತೇನೆ.